ಕೇಳಿದ್ದು ಒಂದು, ಬಂದದ್ದು ಮೂರು

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಹಾಕಿರುವ ಕಂಪ್ಯೂಟರಿನಲ್ಲಿ ಟರ್ಮಿನಲ್ ತೆರೆದು ‘ಆಪ್ಟ್ ಇನ್‌ಸ್ಟಾಲ್ ಜೆಕ್ಯೂ’ ಎಂದು ಟೈಪ್ ಮಾಡಿದರೆ ಪರದೆಯ ಮೇಲೆ ಮೂರು ಹೆಸರು ಬರುತ್ತವೆ: ಜೆಕ್ಯೂ, ಲಿಬ್‌ಜೆಕ್ಯೂ1, ಲಿಬ್‌ಓನಿಗ್5. ಮುಂದುವರಿಯಲೇ ಎಂದು ಅದು ಕೇಳುತ್ತದೆ, ನಾವು ವೈ ಒತ್ತುತ್ತೇವೆ. ಆ ಹೆಸರುಗಳನ್ನು ಓದುವ ಪುರಸೊತ್ತು ಯಾರಿಗಿದೆ? ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿದು ಟರ್ಮಿನಲ್ ಮತ್ತೆ ನಮ್ಮ ಅಪ್ಪಣೆಗೆ ಕಾಯುತ್ತಿರುತ್ತದೆ.

ಒಂದು ಕೇಳಿದರೆ ಮೂರು ಬರಬೇಕೆಂದು ತೀರ್ಮಾನಿಸಿದವರು ಜೆಕ್ಯೂ ಬರೆದವರಲ್ಲ. ಅದು ಯಾವ ಫೋಲ್ಡರಿಗೆ ಹೋಗಬೇಕು, ಯಾವ ಆವೃತ್ತಿ ಬರಬೇಕು, ಕೊನೆಗೆ ಅದನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬುದನ್ನೂ ಬರೆದವರು ತೀರ್ಮಾನಿಸಿಲ್ಲ. ಅದೆಲ್ಲ ಪ್ಯಾಕೇಜ್ ಮಾಡುವವರ ಕೆಲಸ. ಸಾಫ್ಟ್‌ವೇರ್ ಕುರಿತ ನಮ್ಮ ಮಾತುಕತೆಯಲ್ಲಿ ಬರೆದವರ ಹೆಸರು ಬರುತ್ತದೆ, ಬಳಸುವವರ ಗೋಳು ಬರುತ್ತದೆ. ನಡುವೆ ನಿಂತ ಈ ಮೂರನೆಯವರ ಸುದ್ದಿ ಬರುವುದು ಏನಾದರೂ ಕೆಟ್ಟಾಗ ಮಾತ್ರ.

ಜೆಕ್ಯೂ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಫೋನಿನ ಆ್ಯಪ್ ದೂರದ ಸರ್ವರಿನಿಂದ ಮಾಹಿತಿ ತರಿಸಿಕೊಳ್ಳುವಾಗ ಅದು ಸಾಮಾನ್ಯವಾಗಿ ಜೇಸನ್ ಎಂಬ ರೂಪದಲ್ಲಿ ಬರುತ್ತದೆ. ಆವರಣ ಚಿಹ್ನೆ, ಉದ್ಧರಣ ಚಿಹ್ನೆ, ಅಲ್ಪವಿರಾಮಗಳ ದಟ್ಟ ಕಾಡು. ಅದರೊಳಗಿಂದ ಬೇಕಾದ ಒಂದು ಅಂಶವನ್ನು ಮಾತ್ರ ಹೆಕ್ಕಿ ಕೊಡುವುದು ಜೆಕ್ಯೂ ಕೆಲಸ. ಗ್ರೆಪ್, ಸೆಡ್, ಆಕ್ ಎಂಬ ಕಮಾಂಡುಗಳು 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿ ಸಾಲು ಸಾಲಾಗಿರುವ ಪಠ್ಯವನ್ನು ಸೋಸುತ್ತ ಬಂದಿವೆ. ಅವು ಸಾಲುಗಳಿಗೆ ಮಾಡುವುದನ್ನು ಇದು ಜೇಸನ್‌ಗೆ ಮಾಡುತ್ತದೆ. ಸ್ಟೀಫನ್ ಡೋಲನ್ ಇದನ್ನು ಸಿ ಭಾಷೆಯಲ್ಲಿ ಬರೆದು 2012ರಲ್ಲಿ ಹೊರತಂದರು. ಇಂದು ಸರ್ವರ್ ನೋಡಿಕೊಳ್ಳುವವರಲ್ಲಿ ಇದನ್ನು ಮುಟ್ಟದವರು ವಿರಳ.

ಬರೆದವರು ಕೊಡುವುದು ಸೋರ್ಸ್ ಕೋಡ್‌ನ ಒಂದು ಕಟ್ಟು. ಅದನ್ನು ನಮ್ಮ ಯಂತ್ರದಲ್ಲಿ ಓಡುವ ಪ್ರೋಗ್ರಾಂ ಮಾಡಲು ಕಂಪೈಲರ್ ಬೇಕು, ಅದು ನೆಚ್ಚಿಕೊಂಡ ಲೈಬ್ರರಿಗಳು ಬೇಕು, ತಾಳ್ಮೆ ಬೇಕು. ಪ್ಯಾಕೇಜ್ ಮಾಡುವವರು ಈ ಕೆಲಸವನ್ನು ಎಲ್ಲರ ಪರವಾಗಿ ಒಮ್ಮೆ ಮಾಡಿ, ಅದನ್ನು ಯಂತ್ರವೇ ಮತ್ತೆ ಮತ್ತೆ ಮಾಡುವಂತೆ ಬರೆದಿಡುತ್ತಾರೆ.

ಆ ಬರಹ ಎಷ್ಟು ಚಿಕ್ಕದಾಗಿರಬಹುದು ಎಂದು ನೋಡಬೇಕಾದರೆ ಹೋಮ್‌ಬ್ರೂ ಕಡೆ ಹೋಗಬೇಕು. ಮ್ಯಾಕ್ ಬಳಸುವವರ ಅಚ್ಚುಮೆಚ್ಚಿನ ಈ ಪ್ಯಾಕೇಜ್ ಮ್ಯಾನೇಜರನ್ನು 2009ರಲ್ಲಿ ಶುರುಮಾಡಿದವರು ಮ್ಯಾಕ್ಸ್ ಹೋವೆಲ್. ಇಲ್ಲಿ ಪ್ರತಿ ಸಾಫ್ಟ್‌ವೇರಿಗೂ ರೂಬಿ ಭಾಷೆಯ ಒಂದು ಪುಟ್ಟ ಫೈಲ್ ಇರುತ್ತದೆ, ಅದಕ್ಕೆ ಫಾರ್ಮುಲಾ ಎಂದು ಹೆಸರು. ಸೋರ್ಸ್ ಎಲ್ಲಿಂದ ಇಳಿಸಿಕೊಳ್ಳಬೇಕು ಎಂಬ ವಿಳಾಸ ಒಂದು ಸಾಲು. ಇಳಿಸಿಕೊಂಡದ್ದು ಅದೇ ಹೌದೇ ಎಂದು ತಾಳೆ ನೋಡಲು 64 ಅಂಕಿ-ಅಕ್ಷರಗಳ ಒಂದು ಮೊತ್ತ. ಆ ಕಡತದಲ್ಲಿ ಒಂದೇ ಒಂದು ಬೈಟ್ ಆಚೀಚೆ ಆದರೂ ಈ ಮೊತ್ತ ಪೂರಾ ಬದಲಾಗುತ್ತದೆ, ಇನ್‌ಸ್ಟಾಲ್ ಅಲ್ಲೇ ನಿಲ್ಲುತ್ತದೆ. ಲೈಸೆನ್ಸ್ ಯಾವುದು, ಯಾವ ಲೈಬ್ರರಿ ಬೇಕು, ಹೇಗೆ ಕಟ್ಟಬೇಕು ಎಂಬುದಕ್ಕೆ ಇನ್ನು ಕೆಲವು ಸಾಲು. ಕೊನೆಯಲ್ಲಿ ಒಂದು ಟೆಸ್ಟ್.

ಆ ಟೆಸ್ಟ್ ನನಗೆ ಬಹಳ ಇಷ್ಟ. ಜೆಕ್ಯೂಗೆ ಎರಡೇ ಅಂಶಗಳ ಒಂದು ಜೇಸನ್ ಕೊಡುತ್ತಾರೆ: ‘ಫೂ’ ಎಂದರೆ 1, ‘ಬಾರ್’ ಎಂದರೆ 2. ಆಮೇಲೆ ‘ಬಾರ್’ ಎಷ್ಟು ಎಂದು ಕೇಳುತ್ತಾರೆ. ಉತ್ತರ 2 ಎಂದು ಬಂದು, ಅದರ ಹಿಂದೆ ಒಂದು ಹೊಸ ಸಾಲಿನ ಗುರುತು ಬಂದರೆ ಪಾಸು. ನಗು ಬರುವಷ್ಟು ಸರಳ. ಆದರೆ ಪ್ರೋಗ್ರಾಂ ಏಳುತ್ತದೆ, ಲೈಬ್ರರಿಗಳು ಸಿಗುತ್ತವೆ, ಒಳಗೆ ಹೋದದ್ದು ಸರಿಯಾಗಿ ಹೊರಗೆ ಬರುತ್ತದೆ ಎಂಬ ಮೂರೂ ಸಂಗತಿ ಇದರಲ್ಲಿ ಇತ್ಯರ್ಥವಾಗುತ್ತವೆ. ‘ನಿನ್ನ ಆವೃತ್ತಿ ಸಂಖ್ಯೆ ಹೇಳು’ ಎಂದು ಕೇಳಿ ಸುಮ್ಮನಾಗುವ ಟೆಸ್ಟುಗಳನ್ನು ಹೋಮ್‌ಬ್ರೂ ನಿಯಮಾವಳಿಯೇ ಕೆಟ್ಟ ಟೆಸ್ಟ್ ಎನ್ನುತ್ತದೆ. ಹೆಸರು ಹೇಳಲು ಬಂದ ಮಾತ್ರಕ್ಕೆ ಕೆಲಸ ಬರುತ್ತದೆ ಎಂದೇನಲ್ಲವಲ್ಲ.

ಯಾರು ಬರೆದದ್ದನ್ನಾದರೂ ಅಲ್ಲಿ ಸೇರಿಸಿಕೊಳ್ಳುತ್ತಾರೆ ಎಂದೂ ಅಲ್ಲ. ಗಿಟ್‌ಹಬ್‌ನಲ್ಲಿ 75 ಸ್ಟಾರ್, ಇಲ್ಲವೇ 30 ಫೋರ್ಕ್, ಇಲ್ಲವೇ 30 ವಾಚರ್, ಇವುಗಳಲ್ಲಿ ಒಂದಾದರೂ ಇರಬೇಕು. ಬರೆದವರೇ ತಮ್ಮ ಸರಕನ್ನು ತಂದು ಸೇರಿಸಿ ಎಂದರೆ ಈ ಅಂಕಿ ಮೂರು ಪಟ್ಟು ಏರುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ಅವರಿಗೂ ಗೊತ್ತಿದೆ.

ಡೆಬಿಯನ್‌ನದು ಬೇರೆಯೇ ಮಡಿವಂತಿಕೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆ ಇಂದಿಗೂ ಸ್ವಯಂಸೇವಕರ ಕೈಯಲ್ಲೇ ಇದೆ. ಇಲ್ಲಿ ಹೊಸದೊಂದನ್ನು ಪ್ಯಾಕೇಜ್ ಮಾಡುವ ಮುನ್ನ ‘ಇದನ್ನು ಮಾಡಲು ಹೊರಟಿದ್ದೇನೆ’ ಎಂದು ಬಗ್ ದಾಖಲಿಸುವ ವ್ಯವಸ್ಥೆಯಲ್ಲಿ ಸಾರಬೇಕು. ಇಬ್ಬರು ಒಂದೇ ಕೆಲಸ ಹಚ್ಚಿಕೊಳ್ಳದಿರಲಿ ಎಂದು. ಆಮೇಲೆ ಸೋರ್ಸ್ ಒಳಗೆ ಡೆಬಿಯನ್ ಎಂಬ ಹೆಸರಿನ ಫೋಲ್ಡರ್ ಮಾಡಿ ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್, ಕಾಪಿರೈಟ್ ಎಂಬ ಫೈಲುಗಳನ್ನು ಬರೆಯಬೇಕು. ಚೇಂಜ್‌ಲಾಗ್ ಎಂದರೆ ಬರಿಯ ಟಿಪ್ಪಣಿ ಅಲ್ಲ, ಪ್ಯಾಕೇಜಿನ ಆವೃತ್ತಿ ಸಂಖ್ಯೆಯನ್ನು ಯಂತ್ರ ಓದಿಕೊಳ್ಳುವುದೇ ಅದರಿಂದ. ಅದರಲ್ಲಿ ಪ್ಯಾಕೇಜ್ ಮಾಡಿದವರ ಇಮೇಲ್ ವಿಳಾಸಕ್ಕೂ ದಿನಾಂಕಕ್ಕೂ ನಡುವೆ ಸರಿಯಾಗಿ ಎರಡು ಸ್ಪೇಸ್ ಇರಬೇಕು. ಒಂದೇ ಬಿಟ್ಟಿರೋ, ಸಾಲು ಸರಿಯಿಲ್ಲ ಎಂದು ತಕರಾರು ಬರುತ್ತದೆ. ಪಠ್ಯ ಸೋಸುವ ಸಾಧನವನ್ನು ಪ್ಯಾಕೇಜ್ ಮಾಡಲು ಹೋದವರು ಮೊದಲು ತಾವೇ ಸೋಸಿಸಿಕೊಳ್ಳಬೇಕು.

ಕಾಪಿರೈಟ್ ಫೈಲ್ ಇನ್ನೂ ಬೇಸರದ್ದು, ಆದರೆ ಅದರಲ್ಲೇ ಕುತೂಹಲ ಹೆಚ್ಚು. ಜೆಕ್ಯೂ ಎಂಐಟಿ ಲೈಸೆನ್ಸಿನ ಸಾಫ್ಟ್‌ವೇರ್ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಅದರ ಕೈಪಿಡಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯದು. ದಶಮಾಂಶ ಸಂಖ್ಯೆಗಳನ್ನು ಅಕ್ಷರಕ್ಕೆ ಇಳಿಸುವ ಭಾಗ ಡೇವಿಡ್ ಗೇ ಬರೆದದ್ದು, ಅದರ ಹಕ್ಕು ಲೂಸೆಂಟ್ ಟೆಕ್ನಾಲಜೀಸ್‌ನದು. ಈಚಿನ ಆವೃತ್ತಿಗಳಲ್ಲಿ ಡೆಕ್‌ನಂಬರ್ ಎಂಬ ಲೈಬ್ರರಿಯ ತುಂಡು ಸೇರಿದೆ, ಅದಕ್ಕೆ ಮತ್ತೊಂದು ಲೈಸೆನ್ಸ್. ಪ್ಯಾಕೇಜ್ ಮಾಡುವವರು ಒಂದೊಂದೇ ಫೈಲಿನ ತಲೆಬರಹ ಓದಿ ಇದನ್ನೆಲ್ಲ ಪಟ್ಟಿ ಮಾಡಬೇಕು. ಹೊಸ ಪ್ಯಾಕೇಜುಗಳನ್ನು ಒಳಬಿಡುವ ತಂಡ ಇದನ್ನು ನೋಡಿಯೇ ಹೂಂ ಅನ್ನುವುದು. ಕೋಡ್ ಬರೆಯುವ ಉತ್ಸಾಹದಲ್ಲಿ ಬಂದ ಎಷ್ಟೋ ಮಂದಿ ಇಲ್ಲಿಗೆ ಬಂದು ಸುಸ್ತಾಗುತ್ತಾರೆ. ನನ್ನ ಮಟ್ಟಿಗೆ ಇದು ವ್ಯರ್ಥ ಕೆಲಸ ಅಲ್ಲ. ಯಾರದೋ ಶ್ರಮವನ್ನು ಲಕ್ಷಾಂತರ ಯಂತ್ರಗಳಿಗೆ ಹಂಚುವಾಗ ಅದು ಯಾರದ್ದು ಎಂದು ಬರೆದಿಡುವುದು ಕನಿಷ್ಠ ಮರ್ಯಾದೆ.

ಇನ್ನು ಆ ಲಿಬ್‌ಓನಿಗ್5. ಅಕ್ಷರಗಳ ವಿನ್ಯಾಸ ಹುಡುಕಲು ಜೆಕ್ಯೂ ನೆಚ್ಚಿಕೊಂಡಿರುವುದು ಓನಿಗುರುಮ ಎಂಬ ಲೈಬ್ರರಿಯನ್ನು. ಜೆಕ್ಯೂ ಬರೆದವರು ಅನುಕೂಲಕ್ಕೆಂದು ಅದರ ಪ್ರತಿಯನ್ನೂ ತಮ್ಮ ಸೋರ್ಸ್ ಜೊತೆ ಇಟ್ಟಿದ್ದಾರೆ. ಡೆಬಿಯನ್ ಅದನ್ನು ಮುಟ್ಟುವುದಿಲ್ಲ, ಬೇರೆಯೇ ಪ್ಯಾಕೇಜಾಗಿ ಇರುವ ಓನಿಗುರುಮವನ್ನು ಜೋಡಿಸುತ್ತದೆ. ಕಾರಣ ಇಷ್ಟೆ: ನಾಳೆ ಆ ಲೈಬ್ರರಿಯಲ್ಲಿ ಭದ್ರತೆಯ ತೂತು ಕಂಡರೆ ಒಂದು ಕಡೆ ಮುಚ್ಚಿದರೆ ಸಾಕು. ಪ್ರತಿಯೊಬ್ಬರೂ ಒಂದೊಂದು ಪ್ರತಿ ಒಳಗಿಟ್ಟುಕೊಂಡಿದ್ದರೆ ಎಲ್ಲೆಲ್ಲಿ ಇದೆ ಎಂದು ಹುಡುಕುವುದೇ ಆಗುತ್ತದೆ.

ಇದೇ ನಿಷ್ಠೆ ಹೊಸ ಕಾಲದ ಸಾಧನಗಳ ಮುಂದೆ ಏದುಸಿರು ಬಿಡುತ್ತದೆ. ಆ್ಯಂಡ್ರ್ಯೂ ಗ್ಯಾಲಂಟ್ 2016ರಲ್ಲಿ ಹೊರತಂದ ರಿಪ್‌ಗ್ರೆಪ್ ಎಂಬ ಪಠ್ಯ ಹುಡುಕುವ ಸಾಧನ ರಸ್ಟ್ ಭಾಷೆಯದು. ಅದನ್ನು ಕಟ್ಟುವ ಕಾರ್ಗೋ ಎಂಬ ಸಾಧನ ಬೇಕಾದ ಲೈಬ್ರರಿಗಳನ್ನೆಲ್ಲ ಅಂತರ್ಜಾಲದಿಂದ ತಾನೇ ತಂದುಕೊಳ್ಳುತ್ತದೆ. ಡೆಬಿಯನ್‌ನಲ್ಲಿ ಪ್ಯಾಕೇಜ್ ಕಟ್ಟುವಾಗ ಅಂತರ್ಜಾಲ ಮುಟ್ಟುವಂತಿಲ್ಲ. ಹಾಗಾಗಿ ಒಂದೊಂದು ಚಿಕ್ಕ ಲೈಬ್ರರಿಯನ್ನೂ ಮೊದಲು ಡೆಬಿಯನ್ ಪ್ಯಾಕೇಜ್ ಮಾಡಿಕೊಂಡು ಆಮೇಲೆ ರಿಪ್‌ಗ್ರೆಪ್‌ಗೆ ಬರಬೇಕು.

ಹಳೆಯ ಪದ್ಧತಿ ಹೊಸ ಸಾಧನವನ್ನು ಸಂಧಿಸಿದಲ್ಲಿ ಆದ ಒಂದು ತಮಾಷೆ ಡೆಬಿಯನ್‌ನಿಂದಲೇ ಕವಲೊಡೆದ ಉಬುಂಟು 20.04 ಬಳಸಿದವರಿಗೆ ನೆನಪಿರಬಹುದು. ರಿಪ್‌ಗ್ರೆಪ್ ಹಾಕಿಕೊಂಡವರಿಗೆ ಬ್ಯಾಟ್ ಎಂಬ ಇನ್ನೊಂದು ಸಾಧನ ಹಾಕಲು ಬರುತ್ತಿರಲಿಲ್ಲ. ಬ್ಯಾಟ್ ಹಾಕಿಕೊಂಡವರಿಗೆ ರಿಪ್‌ಗ್ರೆಪ್ ಬರುತ್ತಿರಲಿಲ್ಲ. ಒಂದು ಹುಡುಕುವ ಸಾಧನ, ಇನ್ನೊಂದು ಫೈಲನ್ನು ಬಣ್ಣಬಣ್ಣವಾಗಿ ತೋರಿಸುವ ಸಾಧನ, ಪರಸ್ಪರ ಸಂಬಂಧವೇ ಇಲ್ಲ. ಜಗಳ ಬಂದದ್ದು ಕಾರ್ಗೋ ತನ್ನ ಲೆಕ್ಕಕ್ಕೆಂದು ಬರೆದಿಟ್ಟುಕೊಳ್ಳುವ ಒಂದು ಜೇಸನ್ ಫೈಲಿನಿಂದ. ಅದು ಅಕಸ್ಮಾತ್ ಎರಡೂ ಪ್ಯಾಕೇಜಿನೊಳಗೆ ಒಂದೇ ಹೆಸರಿನಲ್ಲಿ ಒಂದೇ ಜಾಗದಲ್ಲಿ ಉಳಿದುಬಿಟ್ಟಿತ್ತು. ಒಂದು ಫೈಲಿಗೆ ಒಬ್ಬನೇ ಯಜಮಾನ ಎಂಬುದು ಡೆಬಿಯನ್ ಮನೆತನದ ಕಟ್ಟಳೆ. ಎರಡನೆಯವನು ಬಂದರೆ ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ ಕೈ ಎತ್ತುತ್ತದೆ. ಯಾರೂ ಎಂದೂ ತೆರೆದು ನೋಡದ ಫೈಲಿಗಾಗಿ ಎರಡು ಒಳ್ಳೆಯ ಸಾಧನಗಳು ಒಂದೇ ಯಂತ್ರದಲ್ಲಿ ಸೇರದೆ ಹೋದವು.

ಹೆಸರಿನ ವ್ಯಾಜ್ಯಗಳೂ ಇದೇ ಕಟ್ಟಳೆಯ ಸಂತಾನ. ಡೆಬಿಯನ್‌ನಲ್ಲಿ ಬ್ಯಾಟ್ ಹಾಕಿಕೊಂಡು ‘ಬ್ಯಾಟ್’ ಎಂದು ಟೈಪ್ ಮಾಡಿದರೆ ಅಂಥ ಕಮಾಂಡ್ ಇಲ್ಲ ಎನ್ನುತ್ತದೆ. ಅಲ್ಲಿ ಅದು ‘ಬ್ಯಾಟ್‌ಕ್ಯಾಟ್’. ಬ್ಯಾಕುಲಾ ಎಂಬ ಬ್ಯಾಕಪ್ ಸಾಫ್ಟ್‌ವೇರಿನ ಒಂದು ಪ್ರೋಗ್ರಾಂ ಆ ಹೆಸರನ್ನು ಮೊದಲೇ ಹಿಡಿದಿತ್ತು. ಫೈಲ್ ಹುಡುಕುವ ‘ಎಫ್‌ಡಿ’ ಅಲ್ಲಿ ‘ಎಫ್‌ಡಿಫೈಂಡ್’, ಏಕೆಂದರೆ ಎಫ್‌ಡಿಕ್ಲೋನ್ ಎಂಬ ಹಳೆಯ ಫೈಲ್ ಮ್ಯಾನೇಜರ್ ಮೊದಲು ಬಂದಿತ್ತು. ಪ್ರೋಗ್ರಾಮರುಗಳ ಪ್ರೀತಿಯ ‘ಆ್ಯಕ್’ ಬಹುಕಾಲ ‘ಆ್ಯಕ್-ಗ್ರೆಪ್’ ಆಗಿತ್ತು. ಜಪಾನಿನ ಕಾಂಜಿ ಲಿಪಿಯ ಸಂಕೇತ ಬದಲಿಸುವ ಒಂದು ಪ್ರೋಗ್ರಾಂ ಅದೇ ಹೆಸರಿನಲ್ಲಿ ಒಳಗೆ ಕೂತಿತ್ತು. ಎಲ್ಲಕ್ಕಿಂತ ದೊಡ್ಡ ರಗಳೆ ‘ನೋಡ್’ದು. ಜಾವಾಸ್ಕ್ರಿಪ್ಟಿನ ನೋಡ್ ಜಗತ್ತನ್ನೇ ಆವರಿಸಿದ ಮೇಲೂ, ಹ್ಯಾಮ್ ರೇಡಿಯೊ ಹವ್ಯಾಸಿಗಳ ಒಂದು ಪ್ರೋಗ್ರಾಂ ಆ ಹೆಸರು ಬಿಟ್ಟುಕೊಡದೆ, ವಿಷಯ 2012ರಲ್ಲಿ ಡೆಬಿಯನ್ ತಾಂತ್ರಿಕ ಸಮಿತಿಯ ಮುಂದೆ ಹೋಗಿ ತೀರ್ಮಾನವಾಯಿತು. ಜನಪ್ರಿಯತೆ ನೋಡಿ ಹೆಸರು ಕೊಡುವುದಿಲ್ಲ, ಮೊದಲು ಬಂದವರ ಹಕ್ಕು ಸುಲಭಕ್ಕೆ ಕದಲುವುದಿಲ್ಲ ಎಂಬ ಈ ಹಟ ಬಳಕೆದಾರರಿಗೆ ಕಿರಿಕಿರಿಯೇ. ಆದರೆ ಬೆರಳೆಣಿಕೆಯ ರೇಡಿಯೊ ಹವ್ಯಾಸಿಗಳ ಯಂತ್ರಗಳು ಒಂದು ಬೆಳಿಗ್ಗೆ ಹೇಳದೆ ಕೇಳದೆ ನಿಂತುಹೋಗಬಾರದು ಎಂದು ಯೋಚಿಸುವವರು ಒಬ್ಬರಾದರೂ ಬೇಕಲ್ಲ.

ಹೋಮ್‌ಬ್ರೂನವರಿಗೆ ಇರುವ ಪೇಚು ಬೇರೆ ಥರದ್ದು. ಮ್ಯಾಕ್‌ನಲ್ಲಿ ಆಪಲ್ ಕೊಟ್ಟ ಸೆಡ್ ಮೊದಲೇ ಇದೆ, ಅದು ಬಿಎಸ್‌ಡಿ ವಂಶದ್ದು. ಲಿನಕ್ಸ್‌ನಲ್ಲಿ ಇರುವುದು ಗ್ನೂ ಸೆಡ್. ಫೈಲನ್ನು ಇದ್ದಲ್ಲೇ ತಿದ್ದು ಎಂಬ ಆಜ್ಞೆಯನ್ನು ಎರಡೂ ಬೇರೆ ಬೇರೆಯಾಗಿ ಅರ್ಥಮಾಡಿಕೊಳ್ಳುತ್ತವೆ. ಬಿಎಸ್‌ಡಿ ಸೆಡ್‌ಗೆ ಹಳೆಯ ಪ್ರತಿಗೆ ಏನು ಬಾಲ ಹಚ್ಚಬೇಕೆಂದೂ ಹೇಳಲೇಬೇಕು. ಆದ್ದರಿಂದ ಹೋಮ್‌ಬ್ರೂ ಗ್ನೂ ಸೆಡ್ ತಂದಾಗ ಅದನ್ನು ‘ಜಿಸೆಡ್’ ಎಂದು ಕರೆದು ಪಕ್ಕದಲ್ಲಿ ಕೂರಿಸುತ್ತದೆ.

ಹೊಸ ಆವೃತ್ತಿ ಬಳಕೆದಾರರನ್ನು ತಲುಪಲು ಹಿಡಿಯುವ ಕಾಲದ ವಿಷಯಕ್ಕೆ ಬಂದರೆ ಜೆಕ್ಯೂನದೇ ಉದಾಹರಣೆ ಸಾಕು. ಅದರ 1.6 ಆವೃತ್ತಿ ಬಂದದ್ದು 2018ರ ನವೆಂಬರಿನಲ್ಲಿ. 1.7 ಬಂದದ್ದು 2023ರ ಸೆಪ್ಟೆಂಬರಿನಲ್ಲಿ. ಡೆಬಿಯನ್ 12 ಬಿಡುಗಡೆಯಾದದ್ದು 2023ರ ಜೂನ್‌ನಲ್ಲಿ, ಮೂರು ತಿಂಗಳ ಅಂತರದಲ್ಲಿ ಬಸ್ಸು ತಪ್ಪಿತು. ಒಮ್ಮೆ ಬಿಡುಗಡೆಯಾದ ಮೇಲೆ ಡೆಬಿಯನ್ ಸ್ಟೇಬಲ್‌ನಲ್ಲಿ ಭದ್ರತೆಯ ಮತ್ತು ತೀರಾ ಅಗತ್ಯದ ತಿದ್ದುಪಡಿ ಬಿಟ್ಟರೆ ಬೇರೇನೂ ಬದಲಾಗುವುದಿಲ್ಲ. ಹೀಗಾಗಿ ಅದರ ಬಳಕೆದಾರರು 2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬರುವವರೆಗೂ 2018ರ ಜೆಕ್ಯೂನಲ್ಲೇ ದಿನ ದೂಡಿದರು. ವ್ಯತ್ಯಾಸ ಏನು ಮಹಾ ಎನ್ನುವವರು 9007199254740993 ಎಂಬ ಸಂಖ್ಯೆಯನ್ನು 1.6ಕ್ಕೆ ಕೊಟ್ಟು ನೋಡಬೇಕು. ಹಾಗೇ ತೋರಿಸು ಎಂದರೂ ಅದು ಕೊನೆಯ 3ನ್ನು 2 ಮಾಡಿ ಹಿಂದಿರುಗಿಸುತ್ತದೆ. 1.7 ಇದ್ದದ್ದನ್ನು ಇದ್ದಂತೆ ಕೊಡುತ್ತದೆ. ಉದ್ದುದ್ದ ಆರ್ಡರ್ ಸಂಖ್ಯೆಗಳನ್ನು ಜೇಸನ್‌ನಲ್ಲಿ ಅಂಕಿಯಾಗಿಯೇ ಸಾಗಿಸುವವರಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ನಿಧಾನವೇ ದೋಷವೇ? 2024ರ ಮಾರ್ಚ್ 29ರ ಸುದ್ದಿ ಕೇಳಿದ ಮೇಲೆ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಕೆಲಸ ಮಾಡುವ ಆಂಡ್ರೆಸ್ ಫ್ರಾಯ್ಂಡ್ ತಮ್ಮ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಜಾಸ್ತಿ ಹಿಡಿಯುತ್ತಿದೆ ಯಾಕೆ ಎಂದು ಕೆದಕಿದರು. ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿರುವುದು ಹೊರಬಿತ್ತು. ಅದನ್ನು ಇಟ್ಟವರು ವರ್ಷಗಟ್ಟಲೆ ಸಭ್ಯರಂತೆ ಆ ಯೋಜನೆಯಲ್ಲಿ ದುಡಿದು ನಂಬಿಕೆ ಗಳಿಸಿದ್ದರು. ಬಾಗಿಲು ತೆರೆಯುವ ಕೀಲಿಯ ಸಾಲುಗಳು ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿ ಇರಲಿಲ್ಲ. ಪ್ಯಾಕೇಜ್ ಮಾಡುವವರು ಇಳಿಸಿಕೊಳ್ಳುವ ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದವು. ಡೆಬಿಯನ್ ಅಥವಾ ರೆಡ್ ಹ್ಯಾಟ್ ಮಾದರಿಯ ಪ್ಯಾಕೇಜ್ ಕಟ್ಟಲಾಗುತ್ತಿದೆಯೇ ಎಂದು ನೋಡಿಕೊಂಡೇ ಅದು ಎಚ್ಚರಗೊಳ್ಳುತ್ತಿತ್ತು. ಒಳಗೆ ಬಚ್ಚಿಟ್ಟದ್ದನ್ನು ಬಿಡಿಸಲು ಬಳಸಿದ್ದು ಹೆಡ್, ಟಿಆರ್, ಆಕ್ ಎಂಬ ನಮ್ಮ ಅದೇ ಹಳೆಯ ಪಠ್ಯ ಸಾಧನಗಳನ್ನು. 64 ಅಕ್ಷರಗಳ ತಾಳೆ ಮೊತ್ತ ಇಲ್ಲಿ ಏನೂ ಮಾಡಲಾಗಲಿಲ್ಲ, ಕಟ್ಟು ಹೊರಟಾಗಲೇ ಕೆಟ್ಟಿತ್ತು.

ಇದರಲ್ಲಿ ಪ್ಯಾಕೇಜ್ ಮಾಡುವವರ ಪಾತ್ರ ಎರಡೂ ಬಗೆಯದು. ಲಾಗಿನ್ ಸೇವೆ ನೇರವಾಗಿ ಎಕ್ಸ್‌ಝಡ್ ಅನ್ನು ಬಳಸುವುದೇ ಇಲ್ಲ. ಡೆಬಿಯನ್ ಮತ್ತು ಇತರರು ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಂಡಿ ಜೊತೆ ಹೊಂದಿಕೆಯಾಗಲಿ ಎಂದು ಅದಕ್ಕೆ ಹಚ್ಚಿದ ಒಂದು ಪ್ಯಾಚ್‌ನಿಂದಾಗಿ ಆ ಲೈಬ್ರರಿ ಹಿಂಬಾಗಿಲಿನಿಂದ ಒಳಬರುತ್ತಿತ್ತು. ಅತ್ತ, ಹೊಸದನ್ನು ಕೂಡಲೇ ಸ್ಟೇಬಲ್‌ಗೆ ಬಿಟ್ಟುಕೊಳ್ಳದ ಅದೇ ಡೆಬಿಯನ್ ನಿಧಾನದಿಂದಾಗಿ ಕೆಟ್ಟ ಆವೃತ್ತಿ ಪರೀಕ್ಷೆಯ ಅಂಗಳ ದಾಟಿ ಸಾಮಾನ್ಯ ಸರ್ವರುಗಳನ್ನು ತಲುಪಲಿಲ್ಲ.

ಪ್ಯಾಕೇಜ್ ಮಾಡುವವರ ಕೈಯೇ ಜಾರಿದ ಪ್ರಸಂಗವೂ ಉಂಟು. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ತಪಾಸಣೆಯ ಸಾಧನವೊಂದು ಎಚ್ಚರಿಕೆ ಕೊಡುತ್ತಿದೆ ಎಂದು ಕೋಡ್ ಸಾಲು ತೆಗೆದುಹಾಕಲಾಯಿತು. ಗುಪ್ತಕೀಲಿಗಳು ಊಹೆಗೆ ಸಿಗದಂತೆ ನೋಡಿಕೊಳ್ಳುತ್ತಿದ್ದದ್ದೇ ಅದು. ಮುಂದೆ ಸುಮಾರು ಎರಡು ವರ್ಷ ಆ ಯಂತ್ರಗಳಲ್ಲಿ ಹುಟ್ಟಿದ ಕೀಲಿಗಳಿಗೆ, ಒಂದೊಂದು ಬಗೆಯಲ್ಲೂ, 32,768ಕ್ಕಿಂತ ಹೆಚ್ಚು ಸಾಧ್ಯತೆಗಳೇ ಇರಲಿಲ್ಲ. 2008ರ ಮೇ ತಿಂಗಳಲ್ಲಿ ಅದು ಬಯಲಾದಾಗ ಜಗತ್ತಿನಾದ್ಯಂತ ಕೀಲಿ ಬದಲಿಸುವ ಧಾವಂತ. ಆದ್ದರಿಂದ ‘ಬರೆದವರ ಕೋಡ್ ಮುಟ್ಟಬೇಡಿ’ ಎನ್ನುವ ಲೇಖಕರ ಸಿಟ್ಟಿಗೂ ಆಧಾರ ಇಲ್ಲದಿಲ್ಲ.

ಕನ್ನಡದವರಿಗೆ ಇದರಲ್ಲೇನಿದೆ ಎಂದರೆ, ತಕ್ಕಮಟ್ಟಿಗೆ ಇದೆ. ‘ಕನ್ನಡ’ ಎಂಬುದರಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಒತ್ತಕ್ಷರ ಮಾಡುವ ಹಲಂತ ಚಿಹ್ನೆಯೂ ಸೇರಿ ಐದು. ಯುಟಿಎಫ್-8 ಬೈಟುಗಳಲ್ಲಿ ಹದಿನೈದು. ಸಾಲಿನಿಂದ ಅಕ್ಷರ ಕತ್ತರಿಸುವ ‘ಕಟ್’ ಕಮಾಂಡಿಗೆ ಮೊದಲ ಮೂರು ಅಕ್ಷರ ಕೊಡು ಎಂದರೆ ಏನು ಬರುತ್ತದೆ? ಗ್ನೂ ಯೋಜನೆಯ ಮೂಲ ಕೋಡ್ ಬಹುಕಾಲ ಅಕ್ಷರ ಎಂದರೆ ಬೈಟ್ ಎಂದೇ ತಿಳಿಯುತ್ತಿತ್ತು, ಡೆಬಿಯನ್ ಅದನ್ನು ಹಾಗೇ ಹಂಚಿತು: ಬರುವುದು ಬರೀ ‘ಕ’. ಫೆಡೋರಾ ಮತ್ತು ಸೂಸೆ ಎಂಬ ಬೇರೆ ಲಿನಕ್ಸ್ ವ್ಯವಸ್ಥೆಗಳು ತಮ್ಮದೇ ಪ್ಯಾಚ್ ಹಚ್ಚಿಕೊಂಡು ಬಂದಿವೆ: ಅಲ್ಲಿ ‘ಕನ್’. ಕಮಾಂಡ್ ಒಂದೇ, ಹೆಸರು ಒಂದೇ. ಪ್ಯಾಕೇಜ್ ಮಾಡಿದವರು ಬೇರೆ, ಉತ್ತರವೂ ಬೇರೆ. ಎರಡೂ ಕಡೆ ಪೂರ್ತಿ ‘ಕನ್ನಡ’ ಬರುವುದಿಲ್ಲ ಎಂಬುದು ಬೇರೆ ಮಾತು.

ಆಕ್ ಕಥೆ ಇನ್ನೂ ಸ್ವಾರಸ್ಯದ್ದು. ಡೆಬಿಯನ್‌ನಲ್ಲಿ ‘ಆಕ್’ ಎಂಬುದು ಪ್ರೋಗ್ರಾಮೇ ಅಲ್ಲ, ಬೇರೊಂದರ ಕಡೆ ಬೆರಳು ತೋರುವ ಲಿಂಕ್. ಹೊಸದಾಗಿ ಹಾಕಿದ ಯಂತ್ರದಲ್ಲಿ ಅದು ತೋರುವುದು ಮಾಕ್ ಎಂಬ ಚಿಕ್ಕ, ಚುರುಕಾದ ಆವೃತ್ತಿಯನ್ನು. ‘ಕನ್ನಡ’ದ ಉದ್ದ ಎಷ್ಟು ಎಂದರೆ ಅದು 15 ಎನ್ನುತ್ತದೆ. ಗಾಕ್ ಎಂಬ ಇನ್ನೊಂದು ಪ್ಯಾಕೇಜನ್ನು ಹಾಕಿಕೊಂಡರೆ ಲಿಂಕ್ ತಾನಾಗಿ ಅದರ ಕಡೆ ತಿರುಗುತ್ತದೆ, ಅದೇ ಪ್ರಶ್ನೆಗೆ 5 ಎಂಬ ಉತ್ತರ ಬರುತ್ತದೆ. ಕನ್ನಡ ಪಠ್ಯದ ಮೇಲೆ ಪದಗಣನೆ, ಅಕ್ಷರಗಣನೆ ಮಾಡುವ ವಿದ್ಯಾರ್ಥಿಗಳು ಇದನ್ನು ಅರಿಯದಿದ್ದರೆ ಲ್ಯಾಬ್‌ನ ಎರಡು ಕಂಪ್ಯೂಟರಿನಲ್ಲಿ ಎರಡು ಫಲಿತಾಂಶ ಬಂದು ತಲೆ ಕೆಡಿಸಿಕೊಳ್ಳುತ್ತಾರೆ.

ಬಡಿಸುವವರು ನಮ್ಮವರಾದರೆ ಪಂಕ್ತಿಯ ಕೊನೆಯಲ್ಲಿ ಕೂತರೂ ಚಿಂತೆಯಿಲ್ಲ ಎನ್ನುತ್ತಾರೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಡೆಬಿಯನ್‌ನಲ್ಲಿ ಇಂದು ಒಂದು ಕಮಾಂಡಿಗೆ ಸಿಗುತ್ತವೆ ಎಂದರೆ ಅವನ್ನು ಯಾರೋ ಕೂತು ಪ್ಯಾಕೇಜ್ ಮಾಡಿದ್ದಾರೆ. ಪಠ್ಯ ಸಾಧನಗಳಲ್ಲಿ ನಮ್ಮವರ ಕೈ ಇನ್ನೂ ಬೇಕು, ಅದಕ್ಕೆ ಸಿ ಭಾಷೆಯ ಪಂಡಿತರೇ ಆಗಬೇಕಿಲ್ಲ. ಹೋಮ್‌ಬ್ರೂ ಟೆಸ್ಟಿನಂಥದೇ ಒಂದು ಪುಟ್ಟ ಟೆಸ್ಟ್ ಸಾಕು: ಒತ್ತಕ್ಷರ ಇರುವ ಒಂದು ಕನ್ನಡ ಸಾಲು ಒಳಗೆ, ಬರಬೇಕಾದ ಉತ್ತರ ಹೊರಗೆ. ಡೆಬಿಯನ್‌ಗೆ ಬಗ್ ಬರೆಯಲು ಖಾತೆ ತೆರೆಯಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ, ಇಮೇಲ್ ಕಳಿಸಿದರೆ ಆಯಿತು. ‘ರಿಪೋರ್ಟ್‌ಬಗ್’ ಎಂಬ ಕಮಾಂಡ್ ಯಾವ ಪ್ಯಾಕೇಜ್, ಯಾವ ಆವೃತ್ತಿ, ಏನಾಯಿತು ಎಂದು ಒಂದೊಂದೇ ಕೇಳಿ ಪತ್ರವನ್ನೂ ತಾನೇ ಸಿದ್ಧಮಾಡುತ್ತದೆ. ಪತ್ರ ಎಲ್ಲರೂ ಓದಬಹುದಾದ ಕಡೆ ಒಂದು ಸಂಖ್ಯೆ ಹೊತ್ತು ನಿಲ್ಲುತ್ತದೆ. ಒಪ್ಪುವುದು, ಲೇಖಕರಿಗೆ ದಾಟಿಸುವುದು, ಇಲ್ಲ ತಾವೇ ಪ್ಯಾಚ್ ಹಚ್ಚುವುದು, ಅದು ಆ ಪ್ಯಾಕೇಜ್ ನೋಡಿಕೊಳ್ಳುವವರಿಗೆ ಬಿಟ್ಟದ್ದು.